ಡಾರ್ಕಸ್ ಟಪ್‌ಳನ್ನು ಡಾರ್ಕಸ್ ಟಪ್ ಸಾಗಹಾಕಬೇಕಾಗಿದ್ದ ಪ್ರಕರಣ

ಥಿಸಲ್‌ಬಿ ಪ್ಯಾರಿಷ್‌ನಲ್ಲಿ ಆಗ ಅಧಿಕೃತವಾಗಿ ಬಡವಳೆಂದು ದಾಖಲಾದವಳು ಒಬ್ಬಳೇ ಒಬ್ಬಳು. ದಾಖಲೆ ನನ್ನದೇ ಕೈಬರಹ, ಆದ್ದರಿಂದ ಅನುಮಾನ ಬೇಡ. ಆ ಒಬ್ಬಳನ್ನು ಊರಿನಿಂದ ಸಾಗಹಾಕತಕ್ಕದ್ದೆಂದು ಪ್ಯಾರಿಷ್ ಸಭೆ ಸರ್ವಾನುಮತದಿಂದ ತೀರ್ಮಾನಿಸಿತು. ಸಾಗಹಾಕುವುದಕ್ಕೆ ಒಬ್ಬ ಅಧಿಕಾರಿ ಬೇಕಲ್ಲ? ಯಾರನ್ನು ನೇಮಿಸಿತು, ಊಹಿಸಿ ನೋಡೋಣ.

ಊರಿನ ದೊಡ್ಡ ರೈತರನ್ನು ಅಂದಿರಾ? ಅಲ್ಲ. ಪಾದ್ರಿಗಳನ್ನೇ? ಅವರು ಕಾಲುನೋವಿಗೆಂದು ಬಾತ್ ಪಟ್ಟಣದ ಬಿಸಿನೀರಿನಲ್ಲಿ ಕೂತು ಹನ್ನೊಂದು ವರ್ಷವಾಗಿತ್ತು. ಕೂತವರು ಎದ್ದಿರಲಿಲ್ಲ. ಗುಮಾಸ್ತನೂ ಶಾಲಾ ಮೇಷ್ಟ್ರೂ ಆಗಿದ್ದ ನನ್ನನ್ನೇ? ಸ್ವಲ್ಪ ತಾಳಿ, ನನ್ನ ಸರದಿ ಆಮೇಲೆ. ಇನ್ನೊಂದು ಅವಕಾಶ ಕೊಡುತ್ತೇನೆ. ಗೊತ್ತಾಗಲಿಲ್ಲವೇ? ಅವಳನ್ನೇ ನೇಮಿಸಿತು.

ನಗಬೇಡಿ. ಪ್ರತಿಯೊಂದು ಹೆಜ್ಜೆಯೂ ನಿಯಮಾನುಸಾರವೇ ನಡೆದದ್ದು. ಕೇಂಬ್ರಿಜ್‌ನಲ್ಲಿ ಮೂರು ವರ್ಷ ತರ್ಕಶಾಸ್ತ್ರ ಓದಿದವನು ನಾನು. ಒಂದು ಹೆಜ್ಜೆಯಲ್ಲೂ ನನಗೆ ತಪ್ಪು ಸಿಗಲಿಲ್ಲ. ನಿವೃತ್ತನಾದ ಮೇಲೆ ಬೇಕಾದಷ್ಟು ಸಮಯವಿತ್ತು, ಮತ್ತೆ ಹುಡುಕಿದೆ. ಆಗಲೂ ಸಿಗಲಿಲ್ಲ.

ಕಾನೂನು ಹೀಗಿತ್ತು. ಇಂಗ್ಲೆಂಡಿನಲ್ಲಿ ಹುಟ್ಟಿದ ಪ್ರತಿಯೊಬ್ಬನಿಗೂ ತನ್ನದೆನ್ನುವ ಒಂದು ಪ್ಯಾರಿಷ್, ಅಂದರೆ ಒಂದು ಚರ್ಚಿನ ಸರಹದ್ದಿಗೆ ಸೇರಿದ ಊರು, ಇರತಕ್ಕದ್ದು. ಅದಕ್ಕೆ ನೆಲೆಹಕ್ಕು ಎಂದು ಹೆಸರು. ಅವನು ಬಡವನಾದರೆ ಆ ಪ್ಯಾರಿಷ್ ಅವನಿಗೆ ರೊಟ್ಟಿ, ಸೌದೆ, ವರ್ಷಕ್ಕೊಂದು ಜೊತೆ ಬೂಟು ಕೊಡತಕ್ಕದ್ದು. ಅವನು ಶ್ರೀಮಂತನಾದರೆ ನೀನು ಎಲ್ಲಿಯವನೆಂದು ಯಾರೂ ಕೇಳತಕ್ಕದ್ದಲ್ಲ. ಇನ್ನು ಮದುವೆಯಾದ ಹೆಂಗಸಿನ ಪ್ಯಾರಿಷ್ ಯಾವುದೆಂದರೆ ಗಂಡನ ಪ್ಯಾರಿಷ್. ಗಂಡ ಸತ್ತರೂ ಅದೇ.

ಡಾರ್ಕಸ್ ಟಪ್ ಹುಟ್ಟಿದ್ದು ಥಿಸಲ್‌ಬಿಯ ಕೆರೆಯ ಪಕ್ಕದ ಮನೆಯಲ್ಲಿ. ಅರವತ್ತೊಂದು ವರ್ಷ ಬದುಕಿದ್ದೂ ಅದೇ ಮನೆಯಲ್ಲಿ. ಊರಿನ ಗಡಿಕಲ್ಲಿನಿಂದ ಆಚೆ ಅವಳು ಕಾಲಿಟ್ಟವಳಲ್ಲ. ಆದರೆ ಅವಳ ಗಂಡ, ಮನೆಗಳಿಗೆ ಹುಲ್ಲು ಹೊದಿಸುತ್ತಿದ್ದ ಜಾಬ್ ಟಪ್, ಹುಟ್ಟಿದ್ದು ಮೂವತ್ತು ಮೈಲಿ ಆಚೆಯ ಗ್ರಿಂಡ್‌ಹ್ಯಾಮ್‌ನಲ್ಲಿ. ನಮ್ಮ ಊರಿನ ಸೂರುಗಳನ್ನೆಲ್ಲ ನಲವತ್ತು ವರ್ಷ ಹೊದಿಸಿ, ಕಡೆಗೆ ಸ್ಟಬಿಂಗ್ಸ್ ಅವರ ಕಣಜದ ಮೇಲಿಂದ ಬಿದ್ದು ಸತ್ತ. ಅಷ್ಟು ವರ್ಷವೂ ಏಣಿಯ ಮೇಲೇ ಕಳೆದನೇ ಹೊರತು ಸಭೆಯ ಮುಂದೆ ನಿಂತು ನೆಲೆಹಕ್ಕು ಗಳಿಸಿಕೊಂಡಿರಲಿಲ್ಲ. ಆದ್ದರಿಂದ ಡಾರ್ಕಸ್ ಗ್ರಿಂಡ್‌ಹ್ಯಾಮ್‌ನವಳು. ತನ್ನ ಊರನ್ನು ಅವಳು ಇನ್ನೂ ನೋಡಿರಲಿಲ್ಲ, ಅಷ್ಟೇ.

ಇದನ್ನು ಕಂಡುಹಿಡಿದವರು ಹಂಫ್ರಿ ಸ್ಟಬಿಂಗ್ಸ್, ನಮ್ಮಲ್ಲಿ ಎಲ್ಲರಿಗಿಂತ ದೊಡ್ಡ ರೈತರು, ಧರ್ಮಭೀರುಗಳು. ಕೆರೆಯ ಪಕ್ಕದ ಹುಲ್ಲುಗಾವಲಿನಲ್ಲಿ ತಮ್ಮ ಕುರಿಗಳು ಮೇಯುತ್ತಿದ್ದರೆ ನೋಡಲು ಎಷ್ಟು ಚೆನ್ನ ಎಂದು ಅವರಿಗೆ ಬಹಳ ದಿನದಿಂದ ಅನ್ನಿಸುತ್ತಿತ್ತು. ನಡುವೆ ಡಾರ್ಕಸಳ ಮನೆ, ಅವಳ ಆರು ಹೆಬ್ಬಾತು. ಸಭೆಯಲ್ಲಿ ಎದ್ದು ನಿಂತು ಹೇಳಿದರು:

“ನನಗೇನೂ ದ್ವೇಷ ಇಲ್ಲಪ್ಪ. ಆದ್ರೆ ಪರವೂರಿನ ಹೆಂಗಸು. ಅವಳ ಜನ ಅವಳಿಗಾಗಿ ಅಲ್ಲಿ ಕಾಯ್ತಿರ್ತಾರೆ. ಹಿಡಿದಿಟ್ಕೊಳ್ಳೋಕೆ ನಾವ್ಯಾರು?”

ಇಬ್ಬರು ಮ್ಯಾಜಿಸ್ಟ್ರೇಟರು ನರಿಬೇಟೆಗೆ ಹೊರಟವರು ಕುದುರೆಯ ಮೇಲಿಂದಲೇ ರವಾನೆ ಆಜ್ಞೆಗೆ ರುಜು ಹಾಕಿದರು. ಕುದುರೆ ಅಲ್ಲಾಡಿದ್ದರಿಂದ ರುಜು ಎರಡು ಗೇಣು ಉದ್ದವಾಯಿತು. ಆಜ್ಞೆಗೆ ಅದರಿಂದ ಇನ್ನಷ್ಟು ತೂಕ ಬಂತು.

ಸಾಗಿಸುವ ದಿನ ಈಸ್ಟರ್ ಮಂಗಳವಾರ. ಸಾಗಿಸಬೇಕಾದವನು ಆ ವರ್ಷದ ‘ಬಡವರ ಮೇಲ್ವಿಚಾರಕ’, ಗಿರಣಿಯ ಜೋಸಾಯಾ ಪಿಮ್. ಪಿಮ್ ಬೆಳಿಗ್ಗೆಯೇ ಡಾರ್ಕಸಳನ್ನೂ ಒಂದು ಬುಟ್ಟಿಯನ್ನೂ ಎರಡು ಹೆಬ್ಬಾತನ್ನೂ ಹಿಟ್ಟಿನ ಗಾಡಿಗೆ ಹತ್ತಿಸಿಕೊಂಡು ಹೊರಟ. ಉಳಿದ ನಾಲ್ಕು ಹೆಬ್ಬಾತು ಕೆರೆಯಿಂದ ಮೇಲೆ ಬರಲು ಒಪ್ಪಲಿಲ್ಲ. ಗಡಿಕಲ್ಲಿನವರೆಗೆ ಹೋದ ಮೇಲೆ ಅವನಿಗೆ ನೆನಪಾಯಿತು: ಈಸ್ಟರ್ ಮಂಗಳವಾರ ಮಧ್ಯಾಹ್ನ ಹನ್ನೆರಡಕ್ಕೆ ಪ್ಯಾರಿಷ್ ಸಭೆ. ಹಳೆಯ ಮೇಲ್ವಿಚಾರಕ ಅಲ್ಲಿಗೆ ಬಂದು ಪುಸ್ತಕ, ಬೀಗದ ಕೈ ಒಪ್ಪಿಸದಿದ್ದರೆ ಸೀದಾ ಸೆರೆಮನೆ.

“ಇಳಿ, ಇಳಿ,” ಎಂದನಂತೆ. “ಇಲ್ಲೇ ಕಲ್ಲಿನ ಮೇಲೆ ಕೂತಿರು. ಪುಸ್ತಕ ಕೊಟ್ಟು ಓಡಿ ಬಂದ್ಬಿಡ್ತೀನಿ.”

“ಆಚೆ ಮಗ್ಗುಲಿಗೆ ಕೂರ್ಲಾ, ಈಚೆ ಮಗ್ಗುಲಿಗೆ ಕೂರ್ಲಾ ಪಿಮ್ಮಣ್ಣ?”

“ಮಧ್ಯದಲ್ಲಿ ಕೂತ್ಕೋ.”

ಅವಳು ಮಧ್ಯದಲ್ಲಿ ಕೂತಳು. ಹೆಬ್ಬಾತುಗಳು ಒಂದೊಂದು ಮಗ್ಗುಲಿಗೆ ಕೂತವು.

ಈಗ ಸಭೆಯ ವಿಷಯ. ಬಡವರ ಮೇಲ್ವಿಚಾರಕನ ಹುದ್ದೆಯನ್ನು ಯಾವ ಬುದ್ಧಿಯುಳ್ಳವನೂ ಒಪ್ಪುತ್ತಿರಲಿಲ್ಲ. ಒಂದು ವರ್ಷ ಪುಕ್ಕಟೆ ದುಡಿಮೆ. ರೊಟ್ಟಿ ಕಮ್ಮಿ ಕೊಟ್ಟೆ ಎಂದು ಬಡವರು ಬೈಯುತ್ತಾರೆ, ಯಾಕೆ ಕೊಟ್ಟೆ ಎಂದು ರೈತರು ಬೈಯುತ್ತಾರೆ. ಅದಕ್ಕಾಗಿ ನಾನೇ ಒಂದು ಗೈರುಹಾಜರಿ ನಿಯಮ ಬರೆದಿದ್ದೆ: ಸಭೆಯಲ್ಲಿ ಯಾವ ಮನೆಯ ಹೆಸರು ಕೂಗಿದಾಗ ಉತ್ತರ ಬರುವುದಿಲ್ಲವೋ ಆ ಮನೆಯ ಯಜಮಾನರೇ ಮುಂದಿನ ಮೇಲ್ವಿಚಾರಕರು. ಅಲ್ಲಿ ಇಲ್ಲದವರು ಒಲ್ಲೆ ಎನ್ನಲಾರರು, ಹಾಗಾಗಿ ಅದು ಸರ್ವಸಮ್ಮತ ಆಯ್ಕೆ. ಅಧಿಕಾರ ಬಿಟ್ಟುಕೊಡುವವರಿಗೆ ಮಾತ್ರ ಆ ವರ್ಷ ವಿನಾಯಿತಿ.

ಪರಿಣಾಮ ಏನೆಂದರೆ ನಮ್ಮ ಸಭೆಗೆ ಬರುವಷ್ಟು ಜನ ಇಂಗ್ಲೆಂಡಿನ ಯಾವ ಸಭೆಗೂ ಬರುತ್ತಿರಲಿಲ್ಲ. ಕೀಲುನೋವಿನ ಮುದುಕರೊಬ್ಬರನ್ನು ಬಾಗಿಲ ಹಲಗೆಯ ಮೇಲೆ ಮಲಗಿಸಿಕೊಂಡೇ ತಂದಿದ್ದರು. ಒಬ್ಬರು ಅರ್ಧ ಗಡ್ಡ ಬೋಳಿಸಿಕೊಂಡು ಓಡಿ ಬಂದಿದ್ದರು. ನಾನು ಬೀದಿಯ ಕ್ರಮದಲ್ಲಿ ಮನೆಗಳನ್ನು ಕೂಗಿದೆ. ಇಪ್ಪತ್ತೆರಡು ಮನೆಗಳೂ ಹಾಜರ್ ಎಂದವು.

“ಇಪ್ಪತ್ತಮೂರು. ಕೆರೆಯ ಪಕ್ಕ, ಟಪ್ ಮನೆ.”

ಉತ್ತರವಿಲ್ಲ.

ನಿಯಮದಂತೆ ಮೂರು ಸಲ ಕೂಗಿದೆ. ಚರ್ಚಿನ ತುಂಬ ಎಂಥ ಸಂತೋಷದ ನಿಟ್ಟುಸಿರು! ಹಲಗೆಯ ಮೇಲಿದ್ದವರು ಎದ್ದು ಕೂತರು. ನಾನು ಪುಸ್ತಕದಲ್ಲಿ ಬರೆದು, ಒಣಗಲು ಮರಳು ಚೆಲ್ಲಿದ ಮೇಲೆಯೇ ಸ್ಟಬಿಂಗ್ಸ್ ಅವರ ಮುಖ ಬದಲಾದದ್ದು.

“ಮೇಷ್ಟ್ರೇ, ಟಪ್ ಮನೆ ಅಂದ್ರೆ... ಅವಳೇ ಅಲ್ವಾ?”

“ಅವಳೇ.”

“ಅವಳನ್ನ ನಾವೇ ಅಲ್ವಾ ಬೆಳಿಗ್ಗೆ ಕಳಿಸಿದ್ದು?”

“ಗೈರುಹಾಜರಿಗೆ ಕಾರಣ ಕೇಳುವ ಪದ್ಧತಿ ನಿಯಮದಲ್ಲಿ ಇಲ್ಲ ಯಜಮಾನ್ರೇ. ಹಿಂದೊಂದು ಸಲ ನಿಮ್ಮ ಭಾವಮೈದ ಸತ್ತೇ ಹೋಗಿದ್ದರೂ ನೇಮಕ ಮಾಡಿದೆವಲ್ಲ.”

“ಹಾಗಾದ್ರೆ ಇನ್ನೊಬ್ಬರನ್ನ ಆರಿಸಿ.”

“ಆಗಬಹುದು. ಯಾರನ್ನ?”

ಎಲ್ಲರೂ ಚರ್ಚಿನ ಚಾವಣಿ ನೋಡಿದರು. ನೇಮಕ ಊರ್ಜಿತವಾಯಿತು. ಮ್ಯಾಜಿಸ್ಟ್ರೇಟರ ರುಜು ಅದೇ ಸಂಜೆ ಬಂತು, ಬೇಟೆ ಮುಗಿದಿತ್ತು.

ನಾನೂ ಪಿಮ್ಮೂ ಗಡಿಕಲ್ಲಿಗೆ ಹೋದಾಗ ಅವಳು ಕಾಲುಚೀಲ ಹೆಣೆಯುತ್ತಾ ಕೂತಿದ್ದಳು.

“ಏನ್ ಮೇಷ್ಟ್ರೇ, ಗಾಡಿ ಬಂತಾ?”

“ಗಾಡಿ ಅಲ್ಲಮ್ಮ, ಹುದ್ದೆ ಬಂದಿದೆ. ಬಡವರ ಮೇಲ್ವಿಚಾರಕರ ಹುದ್ದೆ.”

“ಅಯ್ಯೋ ಪಾಪ, ಯಾರಿಗೆ ಗಂಟುಬಿತ್ತು?”

“ತಮಗೆ,” ಎಂದ ಪಿಮ್. ಬೆಳಿಗ್ಗೆ ಅದೇ ಬಾಯಲ್ಲಿ ‘ಇಳಿ, ಇಳಿ’ ಎಂದಿದ್ದವನು ಈಗ ಟೋಪಿ ತೆಗೆದು ಬೀಗದ ಕೈ ಗೊಂಚಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಅವನ ಮುಖದಲ್ಲಿ ಒಂದು ವರ್ಷದಿಂದ ಕಾಣದಿದ್ದ ಕಳೆ ಬಂದಿತ್ತು.

ಅವಳು ಸೂಜಿ ಕೆಳಗಿಟ್ಟಳು. “ಸರಿ. ಮೊದಲ್ನೇ ಕೆಲ್ಸ ಏನು?”

ನಾನು ಆಜ್ಞೆ ಓದಿದೆ: “ಥಿಸಲ್‌ಬಿಯ ಬಡವರ ಮೇಲ್ವಿಚಾರಕರು ಸದರಿ ಡಾರ್ಕಸ್ ಟಪ್ ಎಂಬ ವಿಧವೆಯನ್ನು ಗ್ರಿಂಡ್‌ಹ್ಯಾಮ್‌ಗೆ ಖುದ್ದಾಗಿ ಕೊಂಡೊಯ್ದು, ಅಲ್ಲಿನ ಮೇಲ್ವಿಚಾರಕರಿಗೆ ಒಪ್ಪಿಸಿ, ರಸೀದಿ ಪಡೆದು ಹಿಂತಿರುಗತಕ್ಕದ್ದು.”

“ಅಂದ್ರೆ ನಾನು ನನ್ನನ್ನ ಬಿಟ್ಟು ವಾಪಸ್ ಬರ್ಬೇಕು.”

“ಹೌದಮ್ಮ.”

“ಎಷ್ಟು ದಿನದ ದಾರಿ?”

“ಎರಡು.”

“ಮೇಲ್ವಿಚಾರಕರು ಒಂದು ರಾತ್ರೀನೂ ಊರು ಬಿಟ್ಟಿರ್ಬಾರ್ದು ಅಂತ ಹೋದ ವರ್ಷ ಪಿಮ್ಮಣ್ಣನ್ನ ಅವರ ತಂಗಿ ಮದುವೇಗೂ ಬಿಡ್ಲಿಲ್ವಲ್ಲ ನೀವು?”

ಇತ್ತು, ಆ ನಿಯಮ. ಬದಲಿಗೆ ಇನ್ನೊಬ್ಬರು ಹುದ್ದೆ ವಹಿಸಿಕೊಂಡರೆ ಮಾತ್ರ ಹೋಗಬಹುದು. ನಾವಿಬ್ಬರೂ ಪಿಮ್ಮನ್ನು ನೋಡಿದೆವು. ಪಿಮ್ ಆಗಲೇ ಗಾಡಿ ತಿರುಗಿಸುತ್ತಿದ್ದ.

“ಹತ್ತಿ ತಾಯಿ,” ಎಂದ, “ಹೆಬ್ಬಾತುಗಳೂ ಹತ್ಲಿ.”

ಹೀಗೆ ಅವಳು ಕೆರೆಯ ಪಕ್ಕಕ್ಕೆ ಮರಳಿದಳು. ಪ್ರತಿ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ನಾನು ಎದ್ದು, “ರವಾನೆ ಆಜ್ಞೆ ಜಾರಿಯಾಯಿತೇ?” ಎಂದು ಕೇಳುವುದು, ಅವಳು ಎದ್ದು, “ಆಸಾಮಿ ಪತ್ತೆಯಾಗಿದ್ದಾಳೆ, ನಮ್ಮ ಸುಪರ್ದಿನಲ್ಲೇ ಇದ್ದಾಳೆ, ಮೇಲ್ವಿಚಾರಕರಿಗೆ ಬಿಡುವಾಗಿಲ್ಲ” ಎನ್ನುವುದು. ದಾಖಲಾಗುತ್ತಿತ್ತು.

ಅವಳ ಆಡಳಿತದ ಬಗ್ಗೆ ಒಂದೂ ಕೆಟ್ಟ ಮಾತು ಬರಲಿಲ್ಲ. ಬಡವಿ ನೆರವು ಕೇಳಿದಾಗ ಮೇಲ್ವಿಚಾರಕರು ವಿಚಾರಣೆ ಮಾಡಬೇಕು, ಮಾಡಿದಳು. ಒಂದು ಬೆಂಚಿನ ಈ ತುದಿಯಲ್ಲಿ ಕೂತು ಕೇಳುವಳು, ಆ ತುದಿಗೆ ಸರಿದು ಉತ್ತರಿಸುವಳು, ನಾನು ಬರೆದುಕೊಳ್ಳುವೆ.

“ಹೋದ ವಾರದ ಸೌದೆ ಇಷ್ಟು ಬೇಗ ಹೇಗೆ ಮುಗೀತು?”

“ಚಳಿ ಸ್ವಾಮಿ.”

“ಚಳಿ ನಿನಗೊಬ್ಬಳಿಗೇನಾ? ದುಡಿಯೋಕೆ ಶಕ್ತಿ ಇಲ್ವಾ?”

“ಇತ್ತು ಸ್ವಾಮಿ. ಈಗ ಅದೆಲ್ಲಾ ಮೇಲ್ವಿಚಾರಣೆಗೇ ಹೋಗ್ತಿದೆ.”

ಅರ್ಧ ಹೊರೆ ಮಂಜೂರು ಮಾಡಿ, ಎಚ್ಚರಿಕೆ ಕೊಟ್ಟು ಕಳಿಸಿದಳು. ಕಠಿಣವಾಯಿತೆಂದು ನನಗನ್ನಿಸಿತು. ಅವಳಿಗೆ ಹಾಗನ್ನಿಸಲಿಲ್ಲ.

ಒಂದೇ ತೊಡಕೆಂದರೆ ಟೋಪಿಯದು. ನೆರವು ಪಡೆಯುವವರು ಬಲ ಭುಜದ ಮೇಲೆ ಕೆಂಪು ಬಟ್ಟೆಯ ಬಿಲ್ಲೆ ಹೊಲಿದುಕೊಳ್ಳಬೇಕು. ಅದು ಕಂಡರೆ ರೈತರು ಮುಖ ತಿರುಗಿಸಬೇಕು. ಮೇಲ್ವಿಚಾರಕರು ಕಂಡರೆ ಟೋಪಿ ಎತ್ತಬೇಕು. ಅವಳು ಎದುರಿಗೆ ಬಂದರೆ ಏನು ಮಾಡುವುದು? ಸಭೆ ಸೇರಿ ನಿರ್ಧರಿಸಿತು: ಅವಳ ಎಡಮಗ್ಗುಲಿನಿಂದ ಹಾದುಹೋಗುವವರು ಟೋಪಿ ಎತ್ತತಕ್ಕದ್ದು, ಬಲಮಗ್ಗುಲಿನಿಂದ ಹೋಗುವವರು ಮುಖ ತಿರುಗಿಸತಕ್ಕದ್ದು. ಊರು ಅದಕ್ಕೆ ಒಂದು ವಾರದಲ್ಲಿ ಒಗ್ಗಿಕೊಂಡಿತು.

ಫೆಬ್ರವರಿಯಲ್ಲಿ ಒಂದು ದಿನ ಸ್ಟಬಿಂಗ್ಸ್ ಶಾಲೆಗೆ ಬಂದು ನನ್ನ ಕಾನೂನು ಪುಸ್ತಕ ತಿರುವಿ ಹಾಕುತ್ತಿದ್ದವರು ಇದ್ದಕ್ಕಿದ್ದಂತೆ ಕೂತುಬಿಟ್ಟರು.

“ಮೇಷ್ಟ್ರೇ, ಇಲ್ಲೇನೋ ಬರ್ದಿದೆ. ಪ್ಯಾರಿಷ್‌ನಲ್ಲಿ ಯಾವುದಾದ್ರೂ ಹುದ್ದೇಲಿ ಪೂರಾ ಒಂದು ವರ್ಷ ಕೆಲ್ಸ ಮಾಡಿದೋರಿಗೆ ಅಲ್ಲಿನ ನೆಲೆಹಕ್ಕು ಬರುತ್ತೆ ಅಂತ!”

“ಹೌದು, ಬರುತ್ತೆ.”

“ಮೊದ್ಲೇ ಯಾಕ್ರೀ ಹೇಳ್ಲಿಲ್ಲ?”

“ನೀವು ಕೇಳಲಿಲ್ಲ.”

ಅವರ ಮುಖ ನೋಡಲಾಗದೆ, ನಾನು, ಪ್ರಾಮಾಣಿಕ ನೌಕರನಾದ್ದರಿಂದ, ಪಂಚಾಂಗ ತೆಗೆದೆ. ಹೋದ ವರ್ಷ ಈಸ್ಟರ್ ಮಂಗಳವಾರ ಬಂದದ್ದು ಏಪ್ರಿಲ್ ಹತ್ತಕ್ಕೆ. ಈಸ್ಟರ್ ಹುಣ್ಣಿಮೆ ನೋಡಿ ಬರುವ ಹಬ್ಬ, ಈ ವರ್ಷ ಬೇಗ. ಮಂಗಳವಾರ ಬೀಳುವುದು ಮಾರ್ಚ್ ಇಪ್ಪತ್ತೈದಕ್ಕೆ. ಅಂದರೆ ಅವಳ ಅಧಿಕಾರಾವಧಿ ಒಂದು ವರ್ಷಕ್ಕೆ ಹದಿನಾರು ದಿನ ಕಡಿಮೆ. ಹದಿನಾರು ದಿನ ಕಡಿಮೆಯಾದರೆ ನೆಲೆಹಕ್ಕಿಲ್ಲ.

ಸ್ಟಬಿಂಗ್ಸ್ ನನ್ನನ್ನು ಅಪ್ಪಿಕೊಂಡರು. “ಆಕಾಶದ ಚಂದ್ರನೇ ನಮ್ಮ ಪ್ಯಾರಿಷ್ ಪರವಾಗಿದ್ದಾನೆ ಮೇಷ್ಟ್ರೇ! ಇಪ್ಪತ್ತೈದಕ್ಕೆ ಹೊಸಬರನ್ನ ಆರಿಸೋಣ, ಅವತ್ತು ಮಧ್ಯಾಹ್ನಾನೇ ಗಾಡಿ ಹತ್ಸೋಣ.”

ಸುದ್ದಿ ಕೆರೆಯ ಪಕ್ಕಕ್ಕೂ ಹೋಯಿತು. ಮಾರ್ಚ್ ತಿಂಗಳಲ್ಲಿ ಒಂದು ದಿನ ಡಾರ್ಕಸ್ ಶಾಲೆಯ ಬಾಗಿಲಲ್ಲಿ ಬಂದು ನಿಂತಳು. ಬೆಂಚಿನ ಯಾವ ತುದಿಯಲ್ಲೂ ಕೂರಲಿಲ್ಲ.

“ಮೇಷ್ಟ್ರೇ, ಗ್ರಿಂಡ್‌ಹ್ಯಾಮ್‌ನಲ್ಲಿ ಕೆರೆ ಇದ್ಯಾ?”

“ಗೊತ್ತಿಲ್ಲಮ್ಮ. ಬಾವಿ ಇರಬಹುದು.”

“ಹೆಬ್ಬಾತು ಬಾವೀಲಿ ಇರಲ್ಲ.” ಬಾಗಿಲಿಗೆ ಒರಗಿ ಹೇಳಿದಳು, “ಜಾಬನ್ನ ಇಲ್ಲೇ ಮಣ್ಣು ಮಾಡಿದೀವಿ. ಅವನು ಗ್ರಿಂಡ್‌ಹ್ಯಾಮ್‌ನವನು ಅಂತ ಅವನನ್ನ ಯಾರೂ ಎತ್ತಿ ಕಳಿಸ್ಲಿಲ್ವಲ್ಲ.”

“ಸತ್ತವರು ರೊಟ್ಟಿ ಕೇಳಲ್ಲಮ್ಮ,” ಎಂದೆ. ಕಾನೂನು ಇರುವುದು ಹಾಗೆಯೇ. ಅವಳು ತಲೆಯಾಡಿಸಿ ಹೋದಳು. ಅವತ್ತು ಮಕ್ಕಳಿಗೆ ನಾನು ಹೇಳಿಕೊಟ್ಟ ಲೆಕ್ಕಗಳೆಲ್ಲ ತಪ್ಪಿದವು. ನಾನು ಪಕ್ಷಪಾತಿಯಲ್ಲ. ಸಭೆಯ ನಿಯಮಾವಳಿಯನ್ನು ಮಾತ್ರ ಮತ್ತೊಮ್ಮೆ ಮೊದಲಿಂದ ಕೊನೆಯವರೆಗೆ ಓದಿದೆ.

ಮಾರ್ಚ್ ಇಪ್ಪತ್ತೈದು ಬಂತು. ನಾನು ಹೆಸರು ಕೂಗಿದೆ. ಅಧಿಕಾರ ಬಿಟ್ಟುಕೊಡಲಿದ್ದ ಡಾರ್ಕಸಳಿಗೆ ವಿನಾಯಿತಿ. ಉಳಿದ ಇಪ್ಪತ್ತೆರಡು ಮನೆಗಳೂ, ನನ್ನದೂ ಸೇರಿ, ಹಾಜರ್. ಗೈರುಹಾಜರಾದವರು ಒಬ್ಬರೂ ಇಲ್ಲ.

“ಮತ ಹಾಕೋಣ,” ಎಂದರು ಸ್ಟಬಿಂಗ್ಸ್. ಮತ ಹಾಕಿದೆವು. ಪ್ರತಿಯೊಬ್ಬರೂ ತಮ್ಮ ಎಡಗಡೆ ಕೂತವರಿಗೆ ಹಾಕಿದರು. ಇಪ್ಪತ್ತೆರಡು ಮಂದಿಗೂ ಒಂದೊಂದು ಮತ ಬಂತು. ಎರಡನೇ ಸುತ್ತಿನಲ್ಲಿ ಬಲಗಡೆಯವರಿಗೆ ಹಾಕಿದರು.

ಚರ್ಚಿನಲ್ಲಿ ಚಳಿ. ರೂಢಿಯಂತೆ ಸಭೆಯನ್ನು ಎದುರಿನ ‘ನೇಗಿಲು’ ಪಾನಗೃಹಕ್ಕೆ ವರ್ಗಾಯಿಸಿದೆವು. ಒಬ್ಬರ ತೋಳು ಇನ್ನೊಬ್ಬರು ಹಿಡಿದುಕೊಂಡು ರಸ್ತೆ ದಾಟಿದೆವು. ಒಳಗೆ ಕೂತ ಮೇಲೆ ನಾನು ಒಂಬತ್ತನೇ ನಿಯಮ ಓದಿದೆ: ಜಾಗ ಬದಲಿಸಿದ ಸಭೆಯೂ ಅದೇ ಸಭೆ, ಅದು ಮುಗಿಯುವ ಮುನ್ನ ಎದ್ದುಹೋದವರು ಗೈರುಹಾಜರು. ಉತ್ತರಾಧಿಕಾರಿ ಸಿಗುವವರೆಗೆ ಹಳಬರೇ ಮುಂದುವರಿಯತಕ್ಕದ್ದು.

ಎದ್ದು ನಿಂತಿದ್ದ ಇಬ್ಬರು ಮೆಲ್ಲಗೆ ಕೂತರು.

ಸಂಜೆಯಾಯಿತು. ಯಾರೂ ಏಳಲಿಲ್ಲ. ಮೊದಲ ಕಾನೂನು ಸಮಸ್ಯೆ ಹಿತ್ತಲಿಗೆ ಹೋಗುವವರದು. ಅದಕ್ಕೆ ನಾನೇ ಪರಿಹಾರ ಕೊಟ್ಟೆ: ಹೋಗುವವರು ಹೋಗಿ ಬರುವವರೆಗೂ ಗಟ್ಟಿಯಾಗಿ ದಾವೀದನ ನೂರನೇ ಕೀರ್ತನೆ ಹಾಡುತ್ತಿದ್ದರೆ ಅವರ ಧ್ವನಿ ಸಭೆಯಲ್ಲಿ ಹಾಜರಿದೆಯೆಂದು ಭಾವಿಸತಕ್ಕದ್ದು. ಪಾನಗೃಹದ ಮಾಲೀಕ ರೂಬೆನ್ ಗಬ್ ಕೂಡ ಸಭೆಯ ಸದಸ್ಯ; ಅವನು ನೆಲಮಾಳಿಗೆಗೆ ಬಿಯರ್ ತರಲು ಹೋದಾಗಲೂ ಹಾಡುತ್ತಿದ್ದ. ಥಿಸಲ್‌ಬಿಯಲ್ಲಿ ಅಷ್ಟು ಭಕ್ತಿ ಅದಕ್ಕೆ ಮೊದಲೂ ಇರಲಿಲ್ಲ, ಆಮೇಲೂ ಇಲ್ಲ.

ಮೂರನೇ ದಿನ ಸ್ಟಬಿಂಗ್ಸ್ ಅವರ ಹೆಂಡತಿ ಕಿಟಕಿಯ ಹತ್ತಿರ ಬಂದರು. ತೋಳು ಮಡಚಿದ್ದರು, ಬೂಟಿನ ತುಂಬ ಹೊಲದ ಮಣ್ಣು.

“ಏನಂದ್ರೆ, ಬಾರ್ಲಿ ಬಿತ್ತಿ ಆಯ್ತು.”

“ಯಾರು ಬಿತ್ತಿದ್ದು?”

“ನಾವೇ. ಪಕ್ಕದ ಮನೆಯವರ್ದೂ ಆಯ್ತು. ನೀವೇನು ಅವಸರ ಮಾಡ್ಕೋಬೇಡಿ, ನಿಧಾನಕ್ಕೆ ತೀರ್ಮಾನ ಮಾಡಿ.”

“ಊಟ ಕಳಿಸೇ!”

“ಯಾವಾಗ ಕಳಿಸ್ಲಿ? ನನಗೆ ಹೊಲ ಇದೆ,” ಎಂದು ಹೋದರು. ಹೋಗುವಾಗ ಅವರೂ ಏನೋ ಹಾಡಿಕೊಳ್ಳುತ್ತಿದ್ದರು. ಕೀರ್ತನೆಯಲ್ಲ.

ನಾಲ್ಕನೇ ದಿನ ಗಬ್‌ನ ಅಡುಗೆಮನೆ ಖಾಲಿಯಾಯಿತು. ಐದನೇ ದಿನ ಬೆಳಿಗ್ಗೆ ಬಾಗಿಲು ತೆರೆದು ಡಾರ್ಕಸ್ ಬಂದಳು. ಒಂದು ಕೈಯಲ್ಲಿ ಗಂಜಿಯ ಹಂಡೆ, ಇನ್ನೊಂದರಲ್ಲಿ ನನ್ನ ವಿಚಾರಣೆ ಪುಸ್ತಕ.

“ಪ್ಯಾರಿಷ್‌ನಲ್ಲಿ ಇಪ್ಪತ್ತೆರಡು ಜನ ಕೆಲ್ಸ ಇಲ್ದೆ, ತಿನ್ನೋಕೆ ಇಲ್ದೆ ಒಂದು ಕೋಣೇಲಿ ಕೂತಿದಾರೆ ಅಂತ ಮೇಲ್ವಿಚಾರಕರಿಗೆ ದೂರು ಬಂದಿದೆ,” ಎಂದಳು. “ಒಬ್ಬೊಬ್ರಾಗಿ ಬನ್ನಿ. ಸ್ಟಬಿಂಗ್ಸ್ ಯಜಮಾನ್ರೇ, ದುಡಿಯೋಕೆ ಶಕ್ತಿ ಇದ್ಯಾ?”

“ಇಲ್ಲದೆ ಏನು? ಧಾರಾಳವಾಗಿ ಇದೆ!”

“ಮತ್ತ್ಯಾಕೆ ದುಡೀತಿಲ್ಲ?”

ಅವರು ನನ್ನನ್ನು ನೋಡಿದರು. ನಾನು ಬರೆದುಕೊಳ್ಳುತ್ತಿದ್ದೆ.

“ಹೊರಗೆ ಹೋಗೋ ಹಾಗಿಲ್ಲಮ್ಮ,” ಎಂದರು ತಗ್ಗಿದ ದನಿಯಲ್ಲಿ.

“ಬರ್ಕೊಳ್ಳಿ ಮೇಷ್ಟ್ರೇ. ಶಕ್ತಿ ಇದೆ, ನಡತೆ ಪರವಾಗಿಲ್ಲ, ಸ್ವಲ್ಪ ಸೋಮಾರಿ. ಅರ್ಧ ಬಟ್ಟಲು ಗಂಜಿ.”

ಗಂಜಿ ಕುಡಿದವರಿಗೆಲ್ಲ ಕಾನೂನಿನಂತೆ ಕೆಂಪು ಬಿಲ್ಲೆ. ಡಾರ್ಕಸ್ ಇಪ್ಪತ್ತೆರಡನ್ನೂ ಅಲ್ಲೇ ಕೂತು ಹೊಲಿದಳು, ನನ್ನದೂ ಸೇರಿ. ಹೊಲಿಗೆ ಅಚ್ಚುಕಟ್ಟು. ಬಿಲ್ಲೆ ಕಂಡರೆ ಮುಖ ತಿರುಗಿಸಬೇಕೆಂಬ ಪದ್ಧತಿಯಿಂದ ಅವತ್ತು ಕೋಣೆಯಲ್ಲಿ ಯಾರೂ ಯಾರ ಕಡೆಗೂ ನೋಡುವಂತಿರಲಿಲ್ಲ. ಎಲ್ಲರೂ ಗೋಡೆ ನೋಡಿಕೊಂಡು ಮಾತಾಡಿದೆವು.

ಒಂಬತ್ತನೇ ದಿನ ಬಿಯರ್ ಮುಗಿಯಿತು. ಗಬ್ ಮೇಜು ಗುದ್ದಿ ಎದ್ದ.

“ಸಾಕಪ್ಪ ಸಾಕು. ನಾನೇ ಆಗ್ತೀನಿ ಮೇಲ್ವಿಚಾರಕ. ಬರ್ಕೊಳ್ಳಿ.”

ಡಾರ್ಕಸ್ ಬಾಗಿಲಲ್ಲಿ ಹಂಡೆ ಹಿಡಿದು ನಿಂತಿದ್ದಳು. ನಾನು ಲೇಖನಿಯ ಮೊನೆ ಹೆರೆಯತೊಡಗಿದೆ. ನನಗೆ ಯಾವ ನಿಯಮವೂ ನೆನಪಾಗಲಿಲ್ಲ. ನನ್ನನ್ನು ಪಾರುಮಾಡಿದವರು ಸ್ಟಬಿಂಗ್ಸ್ ಅವರೇ.

“ತಡಿ, ತಡಿ. ನೀನ್ಯಾಕೋ ತಾನಾಗೇ ಕೇಳ್ತೀಯ?”

“ಬೇಜಾರಾಗಿದೆ.”

“ಬೇಜಾರಾ? ಬಡವರಿಗೆ ಬಿಯರ್ ಹಂಚೋ ಗುತ್ತಿಗೆ ನಿನಗೇ ಸಿಗ್ಲಿ ಅಂತ ತಾನೇ? ನನಗೆ ಗೊತ್ತಿಲ್ವಾ ನಿನ್ನ ಬುದ್ಧಿ!”

ಅವರು ಅಲ್ಲೇ ಒಂದು ಹೊಸ ನಿಯಮ ಮಂಡಿಸಿದರು. ಸಭೆಗೆ ಬೇರೆ ಕೆಲಸವಿರಲಿಲ್ಲವಾದ್ದರಿಂದ ತಕ್ಷಣ ಅಂಗೀಕರಿಸಿತು. ಹುದ್ದೆಯನ್ನು ತಾನಾಗಿ ಬಯಸುವವನು ಅದರಿಂದ ಏನನ್ನೋ ಗಿಟ್ಟಿಸುವ ಇರಾದೆಯವನೆಂದು ಭಾವಿಸಿ, ಅವನ ಬಗ್ಗೆ ಪೂರಾ ಮೂರು ದಿನ ವಿಚಾರಣೆ ನಡೆಸತಕ್ಕದ್ದು. ಈ ನಿಯಮಕ್ಕೆ ಎಂದೆಂದಿಗೂ ತಿದ್ದುಪಡಿ ಇಲ್ಲ. ಗಬ್‌ನ ಮೇಲೆ ಮೂರು ದಿನ ವಿಚಾರಣೆ ನಡೆಯಿತು. ಇಪ್ಪತ್ತೊಂದು ಸಾಕ್ಷಿಗಳು. ನಾಲ್ಕನೇ ದಿನ ಅವನು, “ನಿಮ್ಮ ಹುದ್ದೆ ನೀವೇ ಇಟ್ಕೊಳ್ಳಿ, ನಾನು ಸತ್ರೂ ಕೇಳಲ್ಲ” ಎಂದ. ಅವನು ನಿರ್ದೋಷಿ ಎಂದು ತೀರ್ಪಾಯಿತು.

ಹದಿನೈದನೇ ದಿನ, ಏಪ್ರಿಲ್ ಎಂಟು. ಕೋಣೆಯಲ್ಲಿ ಎಂಥ ವಾಸನೆ ಎಂದು ವರ್ಣಿಸುವುದಿಲ್ಲ. ಎಲ್ಲರ ಗಡ್ಡವೂ ಬೆಳೆದಿತ್ತು. ಅರ್ಧ ಬೋಳಿಸಿಕೊಂಡು ಬರುವ ಮನುಷ್ಯ ಈ ವರ್ಷವೂ ಹಾಗೇ ಬಂದಿದ್ದರಿಂದ ಅವರದು ಎರಡು ಅಳತೆಯಲ್ಲಿ ಬೆಳೆದಿತ್ತು. ಸ್ಟಬಿಂಗ್ಸ್ ಕಿಟಕಿಯಲ್ಲಿ ಬಹಳ ಹೊತ್ತು ನಿಂತಿದ್ದರು. ಅಲ್ಲಿಂದ ಕೆರೆ ಕಾಣುತ್ತಿತ್ತು, ಹುಲ್ಲುಗಾವಲು ಕಾಣುತ್ತಿತ್ತು. ಆಮೇಲೆ ತಿರುಗಿ, ಅತ್ಯಂತ ಶಾಂತವಾಗಿ ಹೇಳಿದರು:

“ಮೇಷ್ಟ್ರೇ. ನಾನೇ ಆಗ್ತೀನಿ.”

ಡಾರ್ಕಸ್ ಗಂಜಿ ಬಡಿಸುತ್ತಿದ್ದಳು. ಸೌಟು ನಿಂತಿತು.

“ಈಗ್ಲೇ ಬರ್ಕೊಳ್ಳಿ,” ಎಂದರು. “ಇನ್ನೂ ಎರಡು ದಿನ ಬಾಕಿ ಇದೆ, ನಾನೂ ಎಣಿಸ್ತಾನೇ ಇದೀನಿ. ನಾನೇ ಮೇಲ್ವಿಚಾರಕ, ನನ್ನದೇ ಗಾಡಿ. ಇವತ್ತು ಮಧ್ಯಾಹ್ನ ಹೊರಡ್ತೀವಿ. ಬುಟ್ಟಿ ಕಟ್ಕೊಳಮ್ಮ.”

ಅವಳು ಸೌಟನ್ನು ಹಂಡೆಯ ಮೇಲೆ ಅಡ್ಡಲಾಗಿ ಇಟ್ಟಳು. ಕೈ ಒರೆಸಿಕೊಂಡಳು. ಯಾರನ್ನೂ ಏನನ್ನೂ ಬೇಡಿಕೊಳ್ಳಲಿಲ್ಲ. “ಹೆಬ್ಬಾತುಗಳನ್ನ ಯಾರಾದ್ರೂ ನೋಡ್ಕೋತೀರಾ?” ಎಂದಳು, ಅಷ್ಟೇ. ಪಿಮ್ ಗೋಡೆಯ ಕಡೆ ತಿರುಗಿ ಮೂಗು ಒರೆಸಿಕೊಂಡ.

ನಾನು ಪುಸ್ತಕದ ಹಾಳೆ ತಿರುವಿದೆ. ನಿಧಾನವಾಗಿಯೇ ತಿರುವಿದೆ, ಆ ಸಂತೋಷ ನನಗೆ ಸಲ್ಲಬೇಕಾದದ್ದು.

“ಯಜಮಾನ್ರೇ, ತಾವು ಹುದ್ದೆಯನ್ನು ತಾವಾಗಿಯೇ ಬಯಸುತ್ತಿದ್ದೀರೋ?”

“ಹೌದು ಕಣ್ರೀ!”

“ಹಾಗಾದರೆ ವಿಚಾರಣೆ ಇವತ್ತೇ ಶುರು. ಪೂರಾ ಮೂರು ದಿನ. ಮುಗಿಯುವುದು ಏಪ್ರಿಲ್ ಹನ್ನೊಂದಕ್ಕೆ.”

ಅವರು ಪುಸ್ತಕ ಎಳೆದುಕೊಂಡು ನೋಡಿದರು. ಎಂದೆಂದಿಗೂ ತಿದ್ದುಪಡಿ ಇಲ್ಲ ಎಂಬ ಸಾಲಿನ ಕೆಳಗೆ ಇದ್ದದ್ದು ಅವರದೇ ರುಜು. ಪುಸ್ತಕ ಮುಚ್ಚಿದರು. ಆಮೇಲೆ ಕೂತು, ಬಟ್ಟಲು ಮುಂದೆ ಚಾಚಿದರು. ಡಾರ್ಕಸ್ ಅವತ್ತು ಅವರಿಗೆ ಪೂರ್ತಿ ಬಟ್ಟಲು ಗಂಜಿ ಹಾಕಿದಳು.

ಗಬ್ ಮೊದಲ ಸಾಕ್ಷಿಯಾಗಿ ಎದ್ದ. ಎರಡು ದಿನ ಅವನೊಬ್ಬನೇ ಮಾತಾಡಿದ.

ಏಪ್ರಿಲ್ ಹತ್ತು. ನಾನು ಗಡಿಯಾರ ಮೇಜಿನ ಮೇಲಿಟ್ಟುಕೊಂಡು ಕೂತಿದ್ದೆ. ಹನ್ನೆರಡು ಹೊಡೆಯುತ್ತಲೇ ಡಾರ್ಕಸಳಿಗೆ ಹುದ್ದೆಯಲ್ಲಿ ಒಂದು ವರ್ಷ ತುಂಬಿತು, ನೆಲೆಹಕ್ಕು ಬಂತು. ಇಂಥ ಸಂಗತಿಯನ್ನು ಊರಿಗೆ ಸಾರಬೇಡವೇ? ನಾನು ಎದ್ದು, ಕೀರ್ತನೆ ಹಾಡುತ್ತಾ, ರಸ್ತೆ ದಾಟಿ ಹೋಗಿ ಚರ್ಚಿನ ಗಂಟೆಯನ್ನು ಕೈ ಸೋಲುವವರೆಗೂ ಬಾರಿಸಿದೆ.

ಹಿಂದಿರುಗಿ ಬರುವಷ್ಟರಲ್ಲಿ ಎಲ್ಲರೂ ಎದ್ದು ನಿಂತು ಕೋಟು ಹಾಕಿಕೊಳ್ಳುತ್ತಿದ್ದರು. ಗಂಟೆಯ ಸದ್ದಿನಲ್ಲಿ ಗುಮಾಸ್ತರ ಹಾಡು ಕೇಳಿಸಲಿಲ್ಲವೆಂದು ಇಪ್ಪತ್ತೊಂದು ಮಂದಿಯೂ ಬೈಬಲ್ ಮುಟ್ಟಿ ಪ್ರಮಾಣ ಮಾಡಿದ್ದರಂತೆ.

“ಅಭಿನಂದನೆ ಮೇಲ್ವಿಚಾರಕರೇ,” ಎಂದ ಪಿಮ್, ಟೋಪಿ ಎತ್ತಿ.

ನಾನು ಆಕ್ಷೇಪಿಸಲಿಲ್ಲ. ನಿಯಮ ನಾನೇ ಬರೆದದ್ದು, ಭಾಷೆ ಚೆನ್ನಾಗಿದೆ. ಡಾರ್ಕಸ್ ಬೀಗದ ಕೈ ಗೊಂಚಲನ್ನು ನನ್ನ ಕೈಗಿಟ್ಟಳು. ಹೊಸ ಮೇಲ್ವಿಚಾರಕನ ಮೊದಲ ಕರ್ತವ್ಯ, ಪ್ಯಾರಿಷ್‌ಗೆ ಹೊಸದಾಗಿ ಸೇರಿದವರು ಯಾರಾದರೂ ಇದ್ದರೆ ಅವರನ್ನು ಸ್ವಾಗತಿಸಿ ಊರು ತೋರಿಸುವುದು. ಒಬ್ಬರಿದ್ದರು.

ಆದ್ದರಿಂದ ಇಪ್ಪತ್ತೆರಡು ಮಂದಿಯೂ, ಭುಜದ ಮೇಲೆ ಬಿಲ್ಲೆ ಸಮೇತ, ಬೀದಿಯಲ್ಲಿ ಸಾಲಾಗಿ ನಿಂತೆವು. ನಾನು ಸ್ವಾಗತ ಭಾಷಣ ಓದಿದೆ: ಥಿಸಲ್‌ಬಿ ಒಳ್ಳೆಯ ಊರು, ನೀರು ಸಿಹಿ, ಜನ ಮೊದಮೊದಲು ಬಿಗಿಯಾಗಿ ಕಂಡರೂ ಆಮೇಲೆ ಹೊಂದಿಕೊಳ್ಳುತ್ತಾರೆ, ಹೊಸಬರು ಎದೆಗುಂದಬಾರದು. ಸ್ಟಬಿಂಗ್ಸ್ ಮುಂದೆ ಬಂದು ಗಂಟಲು ಸರಿಮಾಡಿಕೊಂಡರು.

“ಬನ್ನಿ ತಾಯಿ. ಹೊಸ ಊರು, ಸಂಕೋಚ ಪಟ್ಕೋಬೇಡಿ. ಏನಾದ್ರೂ ಬೇಕಾದ್ರೆ ಕೇಳಿ.”

“ದೊಡ್ಡ ಮನಸ್ಸು ನಿಮ್ದು,” ಎಂದಳು ಡಾರ್ಕಸ್, ಏಪ್ರನ್ ಸರಿಮಾಡಿಕೊಂಡು. “ಈ ಊರಲ್ಲಿ ಹೆಬ್ಬಾತು ಸಾಕೋಕೆ ಕೆರೆ ಎಲ್ಲಿದೆ, ಸ್ವಲ್ಪ ತೋರಿಸ್ತೀರಾ?”

ಅವರು ತೋಳು ನೀಡಿದರು, ಅವಳು ಹಿಡಿದುಕೊಂಡಳು. ನಾವೆಲ್ಲ ಹಿಂದೆ ಹಿಂದೆ ಹೋಗಿ, ಅವಳು ಹುಟ್ಟಿದ ಮನೆಯವರೆಗೆ ಅವಳಿಗೆ ದಾರಿ ತೋರಿಸಿದೆವು. ಒಂದೆರಡು ಕಡೆ ಅವಳು, “ಇಲ್ಲಿ ಎಡಕ್ಕಾ?” ಎಂದು ಕೇಳಿದಳು, ಎಡಕ್ಕೇ ಎಂದೆವು. ಹೊಸಬಳಾದರೂ ಬೇಗ ಕಲಿಯುತ್ತಾಳೆಂದು ಎಲ್ಲರೂ ಒಪ್ಪಿದರು. ಅದು ಸಾವಿರದ ಏಳುನೂರ ಎಂಬತ್ತೆಂಟನೇ ಇಸವಿ, ಏಪ್ರಿಲ್ ತಿಂಗಳ ಹತ್ತನೇ ತಾರೀಖು, ಗುರುವಾರ.